ಒಂದು ಗೇಣು ಹೆಚ್ಚು

೨೦೨೫ರ ನವೆಂಬರ್ ೯, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ನಾನು ಮೂಡಿಗೆರೆಯಿಂದ ಬಾಳೂರಿನ ಶಾಲೆಯ ಮೈದಾನ ತಲುಪುವಷ್ಟರಲ್ಲಿ ಓಟದ ದಾರಿಗೆ ಸುಣ್ಣ ಬಿದ್ದಾಗಿತ್ತು. ಎರಡು ಬಿಳಿ ಗೆರೆ, ನಡುವೆ ನಲವತ್ತು ಮೀಟರ್. ಕಾಫಿ ಎಸ್ಟೇಟಿನ ಮೇಸ್ತ್ರಿ ದಯಾನಂದ ಬೆಳಕು ಹರಿಯುವ ಮೊದಲೇ ಬಂದು ಅಳೆದಿದ್ದರು. "ನೀಟಾಗಿದೆ" ಎಂದೆ. ಐವತ್ತು ಮೀಟರಿನ ಟೇಪು ನನ್ನ ಚೀಲದಲ್ಲೇ ಇತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಅದನ್ನು ಹೊರತೆಗೆಯಲಿಲ್ಲ.

ನಮ್ಮದು ಹುಡುಗಿಯರ ರಗ್ಬಿ ಲೀಗ್ ಕ್ಲಬ್, ನಾನು ಅದರ ಕೋಚ್. ಒಂದು ಕಡೆಗೆ ಹದಿಮೂರು ಜನ. ಆರು ಸಲ ಹಿಡಿದು ಬೀಳಿಸಿದರೆ ಚೆಂಡು ಎದುರಾಳಿಗೆ. ಆಗಸ್ಟಿನಿಂದ ಜಿಲ್ಲೆಯ ಕ್ಲಬ್‌ಗಳ ಪಂದ್ಯ ಆಡಿ ಮುಗಿಸಿದ್ದೆವು. ಡಿಸೆಂಬರಿನಲ್ಲಿ ಹೊರದೇಶದ ತಂಡದೊಂದಿಗೆ ಭಾರತಕ್ಕೆ ಎರಡು ಟೆಸ್ಟ್ ಪಂದ್ಯ. ಅದರ ಶಿಬಿರಕ್ಕೆ ಆಯ್ಕೆ ಮಾಡಲು ಬೆಂಗಳೂರಿನಿಂದ ಅಭಿಷೇಕ್ ಎಂಬವರು ಬಂದಿದ್ದರು. ನಲವತ್ತು ಮೀಟರನ್ನು ಆರು ಸೆಕೆಂಡಿನೊಳಗೆ ಓಡದವರಿಗೆ ಶಿಬಿರವಿಲ್ಲ. ಮುಂದಿನ ಟೆಸ್ಟ್ ಯಾವ ವರ್ಷವೆಂದು ಅವರಿಗೂ ಗೊತ್ತಿರಲಿಲ್ಲ.

ದಯಾನಂದರ ಮಗಳು ಸ್ವಾತಿ ಕೊಟ್ಟಿಗೆಹಾರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಈ ಸಲ ಕ್ಲಬ್ ಪಂದ್ಯಗಳಲ್ಲಿ ಚೆಂಡನ್ನು ಕೊನೆಯ ಗೆರೆಯಾಚೆ ಊರಿ ಅತಿ ಹೆಚ್ಚು ಟ್ರೈ ಹೊಡೆದವಳು ಅವಳೇ. ನಮ್ಮಿಂದ ಓಡಿದ್ದು ನಾಲ್ವರು; ಅವಳಿಗೆ ೬.೧೮ ಸೆಕೆಂಡ್ ಬಂತು. ಉಳಿದ ಮೂವರಿಗೆ ಅದಕ್ಕಿಂತ ಹೆಚ್ಚು.

"ಸಾರಿ ಮೇಡಂ, ಇವರ್ಯಾರೂ ಆಗಲ್ಲ" ಎಂದು ಅಭಿಷೇಕ್ ಹಾಳೆ ಮಡಚಿ ಜೀಪಿನ ಕಡೆ ಹೊರಟರು.

ಸ್ವಾತಿ ಬೂಟು ಬಿಚ್ಚಿ ಬೇಲಿಗೆ ಎಸೆದಳು. ನಾನು ಅಭ್ಯಾಸದ ಓಟಗಳ ಸಮಯ ಬರೆದಿಡುವ ಪುಸ್ತಕ ತೆರೆದೆ. ಕಾಲೇಜು ಮೈದಾನದ ಅಭ್ಯಾಸಕ್ಕಿಂತ ನಾಲ್ವರೂ ಹೆಚ್ಚುಕಡಿಮೆ ಕಾಲು ಸೆಕೆಂಡ್ ಹಿಂದಿದ್ದರು. ಒಬ್ಬಳು ಸುಸ್ತಾಗಿರಬಹುದು, ಒಬ್ಬಳು ಹೆದರಿರಬಹುದು. ನಾಲ್ವರೂ ಒಂದೇ ಅಳತೆಯಲ್ಲಿ ನಿಧಾನವಾಗುವುದಿಲ್ಲ.

"ದಯಾನಂದಣ್ಣ, ಹ್ಯಾಗೆ ಅಳೆದ್ರಿ?"

"ಐದು ಮೀಟರ್ ಹಗ್ಗ ಮೇಡಂ, ಎಂಟು ಸಲ ಎಳೆದೆ" ಎಂದು ಅವರು ನೆಲದಲ್ಲಿ ಎಳೆದೇ ತೋರಿಸಿದರು. ಹಗ್ಗದ ತುದಿ ಮುಟ್ಟಿದಲ್ಲಿ ಕೈ ಊರಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು ಮುಂದೆ ಸರಿದು ಗೂಟ ಹೊಡೆದರು.

"ಈ ಗೇಣು ಯಾಕೆ?"

"ತೋಟ ಇಳಿಜಾರಲ್ವಾ? ಕಾಫಿ ಗುಂಡಿ ಗುರುತು ಹಾಕೋವಾಗ ಪ್ರತಿ ಸಲ ಒಂದು ಗೇಣು ಬಿಡ್ಲೇಬೇಕು. ಇಲ್ದಿದ್ರೆ ಗಿಡಕ್ಕೆ ಗಿಡ ತಾಗ್ತದೆ. ಮೂವತ್ತು ವರ್ಷದಿಂದ..." ಎನ್ನುತ್ತ ಅವರು ನನ್ನ ಮುಖ ನೋಡಿ ನಿಲ್ಲಿಸಿದರು.

"ನಾನೇನು ಕಾಫಿ ಗಿಡನಾ ಅಪ್ಪ?" ಸ್ವಾತಿಯ ದನಿ ಶಾಲೆಯ ಗೋಡೆಗೆ ಬಡಿಯಿತು. "ನಾಲ್ಕು ವರ್ಷ ಓಡಿದ್ದೀನಿ! ನಿಮ್ಮ ಒಂದು ಗೇಣಿಗಾ?"

"ಒಂದಲ್ಲ ಮಾರಾಯ್ತಿ, ಎಂಟು" ಎಂದಳು ಜೊತೆಗೆ ಓಡಿದ್ದ ದೀಪಶ್ರೀ. ನಗು ಬರಲಿಲ್ಲ, ಅವಳಿಗೂ.

ಸ್ವಾತಿ ನನ್ನ ಕಡೆ ತಿರುಗಿದಳು. "ನೀವು ನೋಡ್ಬೋದಿತ್ತಲ್ಲ ಮೇಡಂ. ನೋಡೋದೇ ನಿಮ್ಮ ಕೆಲಸ."

ಚೀಲಕ್ಕೆ ಕೈ ಹಾಕಿದೆ. ಟೇಪು ಬಿಡಿಸಿದೆವು. ನಲವತ್ತೊಂದು ಮೀಟರ್ ಎಪ್ಪತ್ತಾರು ಸೆಂಟಿಮೀಟರ್.

ಜೀಪು ಆಗಲೇ ಗುರುಗುಟ್ಟುತ್ತಿತ್ತು. ಅಭಿಷೇಕ್ ಕಿಟಕಿ ಅರ್ಧ ಇಳಿಸಿದರು. "ಒಂದೂಮುಕ್ಕಾಲು ಮೀಟರಲ್ಲಿ ಏನಾಗತ್ತೆ ಮೇಡಂ? ಅಳೆದವರು ನಿಮ್ಮವರೇ. ನಾನು ಮಧ್ಯಾಹ್ನ ಹಾಸನದಲ್ಲಿರಬೇಕು."

"ಕಾಲು ಸೆಕೆಂಡ್ ಆಗತ್ತೆ" ಎಂದೆ. "ಬೆಂಗಳೂರಿನ ಹುಡುಗಿಯರು ನಲವತ್ತು ಓಡಿದ್ರು, ಇವರು ಸುಮಾರು ನಲವತ್ತೆರಡು. ಹಾಳೆಯಲ್ಲಿ ಎರಡಕ್ಕೂ ನಲವತ್ತು ಅಂತ ಬರೆದಿದ್ದೀರಿ."

"ಬೇರೆ ಕಡೆ ಎಲ್ಲ ಸರಿಯಾಗಿ ಅಳೆದು ಕೊಡ್ತಾರಪ್ಪ."

ದಯಾನಂದ ಜೀಪಿನ ಮುಂದೆ ಹೋಗಿ ನಿಂತರು. ಪೇಟೆಯಿಂದ ಬಂದ ಯಾರ ಎದುರೂ ತಲೆಯ ಟವೆಲ್ ತೆಗೆಯದೆ ಮಾತಾಡದ ಮನುಷ್ಯ. ಈಗ ಟವೆಲ್ ತಲೆಯ ಮೇಲೇ ಇತ್ತು.

"ತಪ್ಪು ನಂದು ಸಾರ್. ಬೈಯಿರಿ, ಕೇಳ್ತೀನಿ. ಆದ್ರೆ ಇಷ್ಟು ದೂರ ಬಂದು ಒಂದು ಟೇಪು ತರದೇ ಇದ್ದಿದ್ದು ನಿಮ್ಮ ತಪ್ಪು. ಇಳೀರಿ."

"ದಾರಿ ಬಿಡಿ."

"ಬಿಡೋದಿಲ್ಲ. ಗಾಡಿ ಹತ್ಸೋದಿದ್ರೆ ಹತ್ಸಿ."

ಎಂಜಿನ್ ನಿಂತಿತು. ಅಭಿಷೇಕ್ ಇಳಿದು ಬಾಗಿಲನ್ನು ಇಡೀ ಮೈದಾನಕ್ಕೆ ಕೇಳುವಂತೆ ಹಾಕಿದರು.

ಟೇಪಿನ ತುದಿಯನ್ನು ದಯಾನಂದರೇ ಹಿಡಿದರು. ನಲವತ್ತರಲ್ಲಿ ಹೊಸ ಗೆರೆ ಬಿತ್ತು. ಹಳೆಯದನ್ನು ಅವರು ಕಾಲಿನಿಂದ ಉಜ್ಜಿ ಅಳಿಸಿದರು, ಮಣ್ಣು ಕಿತ್ತು ಬರುವ ತನಕ ಉಜ್ಜಿದರು. ಮೂವರು ಓಡಿದರು. ದೀಪಶ್ರೀಗೆ ೬.೦೭. ಇನ್ನಿಬ್ಬರೂ ಆರು ದಾಟಿದರು. ಇದು ಎರಡನೇ ಓಟ, ಇಬ್ಬನಿಗೆ ನೆನೆದ ಮಣ್ಣು ತುಳಿದು ತುಳಿದು ಜಾರುತ್ತಿತ್ತು.

ಸ್ವಾತಿ ಬೇಲಿಯಿಂದ ಬೂಟು ತಂದು ಹಾಕಿಕೊಂಡಳು. ಅಪ್ಪ ಲೇಸು ಕಟ್ಟಲು ಬಗ್ಗಿದಾಗ ಕಾಲು ಎಳೆದುಕೊಂಡಳು.

"ಆಮೇಲೆ ಮಾತಾಡ್ತೀನಿ ನಿಮ್ಮತ್ರ."

ಅಭಿಷೇಕ್ ಶಿಳ್ಳೆ ಊದಿದರು. ಅವಳು ಓಡಿದಳು. ಗೆರೆ ದಾಟಿಯೂ ನಿಲ್ಲದೆ ಬೇಲಿಗೆ ಎರಡೂ ಕೈ ಗುದ್ದಿ ನಿಂತಳು. ಅಭಿಷೇಕ್ ಸ್ಟಾಪ್‌ವಾಚ್ ನೋಡಿದರು, ಅದನ್ನು ಜೇಬಿನತ್ತ ಒಯ್ದರು. ದಯಾನಂದ ಅವರ ಮುಂಗೈ ಹಿಡಿದರು.

"ಬರೀರಿ ಸಾರ್."

ಜೀಪಿನ ಬಾನೆಟ್ ಮೇಲೆ ಹಾಳೆ ಹರಡಿ, ೬.೧೮ನ್ನು ಹೊಡೆದುಹಾಕಿ, ಅಭಿಷೇಕ್ ಅದರ ಪಕ್ಕದಲ್ಲಿ ಬರೆದರು: ೫.೯೪ ಸೆಕೆಂಡ್.