ಬಿದ್ದದ್ದನ್ನು ತಂದುಕೊಡುವ ಜಾತಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಲಕ್ವ ಹೊಡೆದ ಅಪ್ಪನನ್ನು ನೋಡಿಕೊಳ್ಳುತ್ತ, ಅದೇ ಕೋಣೆಯಲ್ಲಿ ಕೂತು ಕಂಡವರ ಕಿಟಕಿಗಳಿಗೆಲ್ಲ ಪರದೆ ಹೊಲಿಯುವವಳಿಗೆ ಕೋಪ ಇನ್ನೆಲ್ಲಿರಬೇಕು?

ಅಪ್ಪನ ಕಾಲು, ಮಾತು ಎರಡೂ ತಕ್ಕಮಟ್ಟಿಗೆ ಸರಿಹೋಗಿದ್ದವು. ಬಲಗೈ ಮಾತ್ರ ಏಳಲಿಲ್ಲ. ಏಳಲಿಲ್ಲ ಎನ್ನುವುದಕ್ಕಿಂತ, ಅಪ್ಪನೇ ಅದರ ಜೊತೆ ಟೂ ಬಿಟ್ಟಿದ್ದರು ಎನ್ನಬೇಕು. 'ನನ್ನ ಕೈ' ಎಂಬ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಅದನ್ನ ಆ ಕಡೆ ಸರಿಸು," "ಅದು ಅಡ್ಡ ಬರ್ತಿದೆ" ಎನ್ನುತ್ತಿದ್ದರು, ಯಾರೋ ಬಿಟ್ಟುಹೋದ ಸಾಮಾನಿನ ಬಗ್ಗೆ ಹೇಳುವ ಹಾಗೆ. ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿಯವಳು ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, "ಅದು ತಮ್ಮದು ಅಂತ ಅವರಿಗೇ ಅನ್ನಿಸದೆ ನಾನು ಎಷ್ಟು ತಿಕ್ಕಿದ್ರೂ ಅಷ್ಟೇ ಅಕ್ಕಾ. ಮೊದಲು ಅವರು ಆ ಕೈ ಕಡೆ ನೋಡ್ಬೇಕು" ಎಂದಳು. ನಾನು ಗೋಗರೆದೆ, ಬೈದೆ, ಮುಖ ಊದಿಸಿಕೊಂಡು ಕೂತೆ. ಜಪ್ಪಯ್ಯ ಅಂದರೂ ಅಪ್ಪ ನೋಡಲಿಲ್ಲ. ಕೈ ಜೋತುಬಿದ್ದಾಗ ನಾನು ಎತ್ತಿ ಅವರ ತೊಡೆಯ ಮೇಲಿಡುತ್ತಿದ್ದೆ. ಅವರು ಎಡಗೈಯಿಂದ ಅದನ್ನು ತಳ್ಳಿಬಿಡುತ್ತಿದ್ದರು.

ನಾಯಿಗಳ ಪ್ರದರ್ಶನಗಳಲ್ಲಿ ತೀರ್ಪು ಕೊಡುತ್ತಿದ್ದವರು ನಮ್ಮಪ್ಪ. ಎರಡೂ ಕೈಯಿಂದ ನಾಯಿಯ ಮೈ ಮುಟ್ಟಿ ನೋಡಿ ಅವರು ಒಂದು ಮಾತು ಹೇಳಿದರೆ ಮುಗಿಯಿತು, ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅದಕ್ಕೇ ಮೇಲಿನ ಮನೆಯ ಡ್ರೈವರಣ್ಣ ಒಂದು ಬೆಳಿಗ್ಗೆ ಕರಿ ನಾಯಿಯೊಂದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಯಾರೋ ನೆಂಟರು ಮನೆ ಬದಲಿಸುವಾಗ ಕೊಟ್ಟ ನಾಯಿಯಂತೆ. ಅಪ್ಪಟ ಲ್ಯಾಬ್ರಡಾರ್ ರಿಟ್ರೀವರ್ ಎಂದು ಅವನು ಬೀದಿಗೆಲ್ಲ ಡಂಗುರ ಹೊಡೆದಿದ್ದ. ಎದುರಿನ ಕಟಿಂಗ್ ಅಂಗಡಿಯವನು, "ಅದರಪ್ಪ ಯಾರು ಅಂತ ಅದಕ್ಕೇ ಗೊತ್ತಿಲ್ಲ" ಎಂದು ಎಲ್ಲರೆದುರು ಗೇಲಿ ಮಾಡಿದ್ದ.

"ಯಜಮಾನ್ರೇ, ನೀವೊಂದು ಮಾತು ಹೇಳ್ಬಿಡಿ. ಆಮೇಲೆ ಅವನ ಬಾಯಿಗೆ ಬೀಗ."

"ಒಂದು ಕೈಲಿ ನಾಯಿ ನೋಡೋಕಾಗಲ್ಲಪ್ಪ, ಹೋಗು" ಎಂದು ಅಪ್ಪ ಮುಖ ತಿರುಗಿಸಿದರು. ಕಣ್ಣು ಮಾತ್ರ ನಾಯಿಯನ್ನು ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದರು. "ಬಾ ಇಲ್ಲಿ. ಬಲಗಡೆ ನೀನು ನೋಡಿ ಹೇಳು."

ನನಗೋ ತಲೆ ಮೇಲೆ ಕೆಲಸ. ಗೊಣಗುತ್ತಲೇ ನೆಲದ ಮೇಲೆ ಅಯಸ್ಕಾಂತ ಆಡಿಸಿ ಗುಂಡುಸೂಜಿಗಳನ್ನೆಲ್ಲ ಎತ್ತಿ, ನಾಯಿಯ ಪಕ್ಕದಲ್ಲಿ ಮಂಡಿಯೂರಿದೆ.

"ಕೂದಲು ಬಿಡಿಸಿ ನೋಡು."

"ಮೇಲೆ ಒರಟು. ಒಳಗಡೆ ಮೆತ್ತಗೆ, ದಟ್ಟವಾಗಿ ಇನ್ನೊಂದು ಪದರ ಇದೆ. ಲೈನಿಂಗ್ ಕೊಟ್ಟ ಪರದೆ ಥರ."

"ಹಾಂ. ನೀರಿಗಿಳಿದ್ರೂ ಚಳಿ ಒಳಗೆ ಹೋಗಲ್ಲ. ಬಾಲ?"

"ಬುಡದಲ್ಲಿ ದಪ್ಪ, ತುದಿಗೆ ಬರ್ತಾ ಸಣ್ಣ. ಸುರುಳಿ ಇಲ್ಲ."

"ಬೆರಳ ಸಂದಿ?"

ಪಾದ ಎತ್ತಿ ಬೆರಳು ಬಿಡಿಸಿದೆ. ನಡುವೆ ತೆಳ್ಳಗಿನ ಚರ್ಮ, ಬಾತುಕೋಳಿಯ ಕಾಲಿಗಿರುವಂಥದ್ದು. ನಾಯಿಗಳ ನಡುವೆಯೇ ಬೆಳೆದವಳು ನಾನು, ಇದನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಈಜುವುದಕ್ಕೆಂದು ಯಾರೋ ಕೂತು ಹೊಲಿದುಕೊಟ್ಟಂತಿತ್ತು. ಬೆರಗಾಗಿ ಮತ್ತೆ ಮತ್ತೆ ಬಿಡಿಸಿದೆ. ನಾಯಿ ಪಾದವನ್ನು ನನ್ನ ಕೈಗೇ ಬಿಟ್ಟು ಸುಮ್ಮನೆ ನಿಂತಿತ್ತು.

ಅಪ್ಪ ಬಗ್ಗಿ, ಎಡಗೈಯಿಂದ ಅದರ ಅಗಲವಾದ ತಲೆಯನ್ನು, ಕೆನ್ನೆಗೆ ಅಂಟಿಕೊಂಡಂತೆ ಇಳಿದ ಕಿವಿಗಳನ್ನು ಸವರಿದರು. ನಾಯಿಯ ಎದೆಯ ಮೇಲೊಂದು ಬಿಳಿ ಚುಕ್ಕೆಯಿತ್ತು. ಡ್ರೈವರಣ್ಣ ಮೆಲ್ಲಗೆ ಅದರ ಮೇಲೆ ಅಂಗೈ ಇಟ್ಟ.

"ಮುಚ್ಚಬೇಡ್ವೋ. ಅಷ್ಟು ಚುಕ್ಕೆ ಇದ್ರೆ ತಪ್ಪಿಲ್ಲ."

"ಹಾಗಾದ್ರೆ ಅಪ್ಪಟ ತಾನೆ?"

"ಮೈ ಅರ್ಧ ಹೇಳುತ್ತೆ ಅಷ್ಟೇ" ಎಂದರು ಅಪ್ಪ. "ಬೇಟೇಲಿ ಹೊಡೆದ ಹಕ್ಕಿ ಎಲ್ಲೋ ಪೊದೇಲಿ ಬೀಳುತ್ತೆ. ಅದನ್ನ ಹುಡುಕಿ, ಒಂದು ಹಲ್ಲೂ ನಾಟದ ಹಾಗೆ ಹಿಡಿದು, ಯಾರದ್ದೋ ಅವರ ಕೈಗೇ ತಂದುಕೊಡಬೇಕು. ಅದಕ್ಕೇ ಹುಟ್ಟಿದ ಜಾತಿ ಇದು. ಆ ಗುಣ ಇದ್ರೆ ಅಪ್ಪಟ."

ಡ್ರೈವರಣ್ಣ ಹಿಂದೆಮುಂದೆ ನೋಡದೆ ನನ್ನ ನೂಲಿನ ರೀಲು ತೆಗೆದು ಬಾಗಿಲ ಕಡೆ ಎಸೆದ. ನಾಯಿ ಅದರತ್ತ ತಿರುಗಿಯೂ ನೋಡಲಿಲ್ಲ. ಪಾಪ, ಅವನ ಮುಖ ಇಷ್ಟೇ ಇಷ್ಟಾಯಿತು.

ನಾಯಿ ನೋಡುತ್ತಿದ್ದುದು ಬೇರೆಯದನ್ನು. ಅಪ್ಪ ಬಗ್ಗಿದ್ದರಿಂದ ಅವರ ಬಲಗೈ ತೊಡೆಯಿಂದ ಜಾರಿ, ಕುರ್ಚಿಯ ಪಕ್ಕದಲ್ಲಿ ತೂಗಾಡುತ್ತಿತ್ತು. ನಾಯಿ ಹತ್ತಿರ ಬಂದು ಆ ಬೆರಳುಗಳನ್ನು ಮೂಸಿತು. ಆಮೇಲೆ ಬಾಯಿ ತೆರೆದು ಕೈಯನ್ನು ಹಿಡಿಯಿತು. ಕಚ್ಚಿಯೇಬಿಟ್ಟಿತು ಎಂದುಕೊಂಡೆ. ಮುಂದೆ ಹೋದವಳನ್ನು ಅಪ್ಪ ಎಡಗೈ ಅಡ್ಡ ಹಿಡಿದು ತಡೆದರು.

ಅದು ಆ ಕೈಯನ್ನು ನಿಧಾನವಾಗಿ ಎತ್ತಿತು. ಒಂದು ಹೆಜ್ಜೆ ಮುಂದೆ ಬಂದು ಅಪ್ಪನ ತೊಡೆಯ ಮೇಲಕ್ಕೆ ತಂದಿತು. ಆದರೂ ಬಾಯಿಂದ ಬಿಡಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತ, ಹಾಗೇ ಹಿಡಿದುಕೊಂಡು ಕಾಯಿತು. ಇಂಥದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕೊನೆಗೆ ಅಪ್ಪ ತಮ್ಮ ಎಡ ಅಂಗೈಯನ್ನು ಅದರ ಗದ್ದದ ಕೆಳಗೆ ಚಾಚಿದರು. ಆಗ ನಾಯಿ ಬಲಗೈಯನ್ನು ಆ ಅಂಗೈಗೇ ಒಪ್ಪಿಸಿ, ಹಿಂದೆ ಸರಿದು ಕೂತಿತು.

ಅಪ್ಪ ಆ ಕೈಯನ್ನು ನೋಡಿದರು. ಹೊರಳಿಸಿ ನೋಡಿದರು. ಎಲ್ಲಿಯೂ ಹಲ್ಲಿನ ಗುರುತಿರಲಿಲ್ಲ, ಜೊಲ್ಲು ಮಾತ್ರ ಮಿನುಗುತ್ತಿತ್ತು. ಅವರು ಅದನ್ನು ತಳ್ಳಲಿಲ್ಲ.

"ಯಜಮಾನ್ರೇ, ಏನಂತೀರಿ?" ಡ್ರೈವರಣ್ಣನ ದನಿ ಮೇಲೇಳಲಿಲ್ಲ.

"ಅಪ್ಪಟ" ಎಂದರು ಅಪ್ಪ.

ಆಮೇಲೆ ತಲೆ ಎತ್ತದೆಯೇ ನನ್ನನ್ನು ಕರೆದರು. "ಬಾಮ್ಮ ಇಲ್ಲಿ. ನನ್ನ ಕೈ ಒದ್ದೆಯಾಗಿದೆ. ಒರೆಸು."

ಕಣ್ಣು ಮಂಜಾಗಿ ಎದುರಿಗಿದ್ದದ್ದೂ ಕಾಣುತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ಯಾರದೋ ಮನೆಗೆಂದು ಹೊಲಿದು ಇಸ್ತ್ರಿ ಮಾಡಿಟ್ಟಿದ್ದ ಹೊಸ ಪರದೆ. ಅದರಿಂದಲೇ ಒರೆಸಿದೆ.