ಒಂದೇ ಉಸಿರಿನಲ್ಲಿ, ರಂಜಕದ ತನಕ

ನಾನು ಉಸಿರಿಗೆ ತಾಲೀಮು ಕೊಡುವ ಒಂದು ಸಾಧನ. ನೋಡುವುದಕ್ಕೆ ಮಕ್ಕಳ ಪೀಪಿಗಿಂತ ತುಸು ದಪ್ಪ, ಅಷ್ಟೆ. ಆದರೆ ಪೀಪಿ ಎಂದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪೀಪಿಯನ್ನು ಯಾರು ಬೇಕಾದರೂ ಊದಿಯಾರು. ನನ್ನಲ್ಲಿ ಉಸಿರನ್ನು ಒಳಗೆ ಎಳೆಯಬೇಕು. ನನ್ನ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು, ಅದರ ತುದಿಗೆ ಪುಟ್ಟ ಮುಚ್ಚಳ. ಜೋರಾಗಿ ಎಳೆದರೆ ಮುಚ್ಚಳ ಟಪ್ ಎಂದು ತೆರೆದು ಗಾಳಿ ಬಿಡುತ್ತೇನೆ. ಮೆತ್ತಗೆ ಎಳೆದರೆ ಕೊಡುವುದಿಲ್ಲ. ಜಿಪುಣ ಎಂದು ಬೈಯಿರಿ, ಚಿಂತೆಯಿಲ್ಲ. ಗರಡಿಯಲ್ಲಿ ಹತ್ತಿಯ ಗುಂಡು ಎತ್ತಿದರೆ ತೋಳು ಬಲಿಯುತ್ತದೆಯೇ?

ಹುಟ್ಟಿದ್ದು ಕಾರ್ಖಾನೆಯ ಅಚ್ಚಿನಲ್ಲಿ. ಮೈ ಆರುವಷ್ಟರಲ್ಲಿ ಸ್ಪ್ರಿಂಗು ತುರುಕಿ, ಚೀಲಕ್ಕೆ ಹಾಕಿ ಬಾಯಿ ಮುಚ್ಚಿದರು. ಆಮೇಲೆ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕಪಾಟಿನಲ್ಲಿ ಗ್ಲೌಸಿನ ಡಬ್ಬಿಗಳ ಹಿಂದೆ ಬಹಳ ಕಾಲ ಬಿದ್ದಿದ್ದೆ. ನನ್ನಂಥವರಿಗೆ ಬಾಳಿನಲ್ಲಿ ಒಬ್ಬರೇ ಒಡೆಯರು. ಒಬ್ಬರ ಉಸಿರು ಮುಟ್ಟಿದ ಮೇಲೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಹಾಗಾಗಿ ಬರುವವರು ಗಟ್ಟಿಗರಾಗಿರಲಿ ಎಂಬ ಆಸೆ ನನಗಿತ್ತು.

ಬಂದದ್ದು ನೀಲಗಂಗವ್ವನವರ ಪಾಲಿಗೆ. ಗದಗದ ಬಸ್ ಸ್ಟ್ಯಾಂಡ್ ಹತ್ತಿರ ಅವರದೊಂದು ಖಾನಾವಳಿ. ನೆಗೆಣ್ಣಿ ಈರವ್ವ ಒಳಗೆ ರೊಟ್ಟಿ ಬಡಿದರೆ, ಇವರು ಬಾಗಿಲಲ್ಲಿ ನಿಂತು ಊಟಕ್ಕೆ ಏನೇನಿದೆ ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದರಂತೆ. ಬಿಸಿ ರೊಟ್ಟಿಯಿಂದ ಹಿಡಿದು ರಂಜಕದ ತನಕ, ನಡುವೆ ಎಲ್ಲೂ ನಿಲ್ಲದೆ. ರಂಜಕವೆಂದರೆ ಕೆಂಪು ಮೆಣಸಿನಕಾಯಿ ಅರೆದು ಮಾಡಿದ ಚಟ್ನಿ, ಕಣ್ಣಲ್ಲಿ ನೀರು ತರಿಸುವಂಥದ್ದು. ಇದನ್ನೆಲ್ಲ ಈರವ್ವ ಹಾಸಿಗೆಯ ಪಕ್ಕ ನಿಂತು ಸಿಸ್ಟರುಗಳ ಮುಂದೆ ಹೇಳಿಕೊಂಡರು.

ಅಂಥ ಗಂಟಲು ಈಗ ಸುಮ್ಮನಾಗಿತ್ತು. ನ್ಯುಮೋನಿಯಾ ಬಂದು ವೆಂಟಿಲೇಟರ್ ಹಾಕಿದ್ದರು, ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಟ್ಟಿದ್ದರು. ರೋಗವೇನೋ ಹೋಯಿತು, ಯಂತ್ರ ಮಾತ್ರ ಬಿಡಲಿಲ್ಲ. ಅಷ್ಟು ದಿನ ಯಂತ್ರವೇ ಉಸಿರಾಡಿಸಿದ್ದರಿಂದ ಎದೆಯ ಕೆಳಗಿನ ಉಸಿರಿನ ಸ್ನಾಯು ಸೊರಗಿತ್ತು. ಯಂತ್ರ ತೆಗೆದ ತುಸು ಹೊತ್ತಿಗೇ ಏದುಸಿರು. ಆ ಸ್ನಾಯುವಿಗೆ ಬಲ ಬಾರದಿದ್ದರೆ ಮನೆಗೆ ಕಳಿಸಲಾಗದು ಎಂದು ದೊಡ್ಡ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಈರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಫಿಜಿಯೋಥೆರಪಿಯ ತಹಸೀನ್ ಮೇಡಂ ಸ್ಪ್ರಿಂಗಿನ ಬಿಗಿ ಏರಿಸಿ ಇಳಿಸುವ ನನ್ನ ತಿರುಪನ್ನು ಪೂರ್ತಿ ಸಡಿಲಿಸಿ ನಳಿಕೆಗೆ ಜೋಡಿಸಿದರು. ನೀಲಗಂಗವ್ವ ನನ್ನನ್ನು ನೋಡಿ ಕಣ್ಣರಳಿಸಿದರು. ಒಲೆ ಊದುವ ಕೊಳವೆ ಎಂದುಕೊಂಡರು! ಇದ್ದಬದ್ದ ಬಲವೆಲ್ಲ ಹಾಕಿ ಬುಸ್ಸೆಂದು ಊದಿದರು. ಹೊರಹೋಗುವ ಗಾಳಿಗೆ ನನ್ನ ಅಡ್ಡಿಯೇ ಇಲ್ಲ, ಸಲೀಸಾಗಿ ಹೋಯಿತು. ಇವರು ಗೆದ್ದವರ ಹಾಗೆ ಹುಬ್ಬು ಕುಣಿಸಿದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹೂವು ಮೂಸಿದ ಹಾಗೆ ಎಳೆಯಿರಿ, ಎಳನೀರು ಹೀರಿದ ಹಾಗೆ ಎಳೆಯಿರಿ ಎಂದು ಮೇಡಂ ಪರಿಪರಿಯಾಗಿ ಹೇಳಿದರು. ಒಲೆಯ ಮುಂದೆ ಬಾಳು ಕಳೆದ ಜೀವ, ಕೊಳವೆ ಕಂಡರೆ ಊದುವುದೇ. ಮರುದಿನವೂ ಅದೇ ಕಥೆ.

ಒಂದು ಮಧ್ಯಾಹ್ನ ಈರವ್ವ ಸಿಬ್ಬಂದಿಗೆಂದು ರೊಟ್ಟಿ, ರಂಜಕ ಕಟ್ಟಿಕೊಂಡು ಬಂದರು. ತಹಸೀನ್ ಮೇಡಂ ಗಡದ್ದಾಗಿ ಉಂಡು ಬಂದವರು ನನ್ನನ್ನು ನಳಿಕೆಗೆ ಜೋಡಿಸಿ, ಹಾಸಿಗೆಯ ಪಕ್ಕ ನಿಂತು ಬಾಯುರಿ ತಾಳಲಾರದೆ ಸ್ಸ್, ಸ್ಸ್ ಎಂದು ಉಸಿರೆಳೆಯತೊಡಗಿದರು. ಮುಖ ಕೆಂಪು, ಮೂಗಿನಲ್ಲಿ ನೀರು. ತಮ್ಮ ರಂಜಕದ ಪ್ರತಾಪ ಕಂಡು ನೀಲಗಂಗವ್ವನಿಗೆ ನಗು ತಡೆಯಲಾಗಲಿಲ್ಲ. ಸದ್ದಿಲ್ಲದೆ ನಕ್ಕರು. ಆಮೇಲೆ ಮೇಡಂರನ್ನೇ ಅಣಕಿಸುತ್ತ ಹಲ್ಲು ಕಚ್ಚಿ, ಉಸಿರನ್ನು ಒಳಗೆ ಎಳೆದರು.

ಟಪ್!

ಬಾಗಿಲು ತೆರೆದೆ, ಮಾರಾಯರೇ. ನನ್ನ ಬಾಳಿನ ಮೊದಲ ಬಾಗಿಲು.

“ಹಾಂ, ಅವ್ವಾರ, ಇದ ನೋಡ್ರಿ! ಖಾರ ಹತ್ತಿದಂಗ ಎಳೀರಿ,” ಎಂದರು ಮೇಡಂ ಕಣ್ಣೊರೆಸಿಕೊಳ್ಳುತ್ತ. ಆ ನೀರು ಬರೀ ಖಾರದ್ದಲ್ಲ ಎಂದು ನನಗೆ ಗೊತ್ತು.

ಅಲ್ಲಿಂದ ನಮ್ಮಿಬ್ಬರ ಕುಸ್ತಿ ಶುರುವಾಯಿತು. ಮೇಡಂ ನನ್ನ ತಿರುಪು ಬಿಗಿ ಮಾಡುತ್ತಾರೆ, ನಾನು ಗಟ್ಟಿಯಾಗಿ ಕೂರುತ್ತೇನೆ, ನೀಲಗಂಗವ್ವ ಹಲ್ಲು ಕಚ್ಚಿ ನನ್ನನ್ನು ಸೋಲಿಸುತ್ತಾರೆ. ಸೋತು ಇಷ್ಟು ಹಿಗ್ಗಿದವರು ಯಾರಿದ್ದಾರೆ? ಯಂತ್ರ ಬಿಟ್ಟಿರುವ ಹೊತ್ತು ಬೆಳೆಯುತ್ತ ಬಂತು. ಒಂದು ಬೆಳಿಗ್ಗೆ ಯಂತ್ರವನ್ನು ಗೋಡೆಗೆ ಸರಿಸಿದರು. ಮುಂದೆ ನಳಿಕೆಯೂ ಹೋಯಿತು, ನಾನು ಬಾಯಿಗೆ ಬಂದೆ.

ದನಿ ಬಂದ ಕೂಡಲೇ ಅವರು ಮಾಡಿದ ಮೊದಲ ಕೆಲಸ ಆ ಪಟ್ಟಿ ಹೇಳಿದ್ದು. “ಬಿಸಿ ರೊಟ್ಟಿ, ಕಡಕ್ ರೊಟ್ಟಿ, ಎಣಗಾಯಿ...” ಅಷ್ಟಕ್ಕೇ ಉಸಿರು ಮುಗಿಯಿತು. ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಈರವ್ವ ನೆಗೆಣ್ಣಿಯ ಬೆನ್ನು ಸವರಿ, “ಅಕ್ಕಾ, ಎಣಗಾಯಿ ತನಕ ಬಂದಿ. ರಂಜಕ ಎಲ್ಲಿ ಓಡಿ ಹೊಕ್ಕೈತಿ?” ಎಂದರು.

ಅವರೊಂದಿಗೆ ನಾನೂ ಗದಗಕ್ಕೆ ಬಂದೆ. ದಿನವೂ ಕುಸ್ತಿ, ದಿನವೂ ಸೋಲು. ಪಟ್ಟಿ ಪಲ್ಯಕ್ಕೆ ಬಂತು, ಶೇಂಗಾ ಹಿಂಡಿಗೆ ಬಂತು, ಮೊಸರಿಗೆ ಬಂದು ಹಟ ಹಿಡಿದು ನಿಂತುಬಿಟ್ಟಿತು. ನನ್ನ ತಿರುಪು ಕೊನೆಯ ಗೆರೆ ಮುಟ್ಟಿತು. ಒಂದು ದಿನ ಬಸ್ಸು ಬಂದು ನಿಂತಾಗ ನೀಲಗಂಗವ್ವ ನನ್ನನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿ, ಬಾಗಿಲಿಗೆ ಹೋದರು.

“ಬಿಸಿ ರೊಟ್ಟಿ, ಕಡಕ್ ರೊಟ್ಟಿ, ಎಣಗಾಯಿ, ಮಡಕಿಕಾಳ ಪಲ್ಯ, ಜುಣಕದ ವಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ರಂಜಕ ಐತ್ರೀ, ಬರ್ರೀ!”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಈರವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡರು.

ಈಗ ನನಗೆ ವಯಸ್ಸಾಗಿದೆ. ಸ್ಪ್ರಿಂಗು ಸವೆದಿದೆ, ಮುಚ್ಚಳ ಸಡಿಲ. ಗೂಡಿನಲ್ಲಿ ರಂಜಕದ ಭರಣಿಯ ಪಕ್ಕ ಕುಳಿತು, ಗಿರಾಕಿಗಳು ಸ್ಸ್ ಎಂದು ಉಸಿರೆಳೆಯುವುದನ್ನು ಕೇಳುತ್ತ ಕಾಲ ಕಳೆಯುತ್ತೇನೆ. ಮೊನ್ನೆ ಊಟಕ್ಕೆ ಕುಳಿತ ಗಿರಾಕಿಯೊಬ್ಬರು ನನ್ನನ್ನು ತೋರಿಸಿ, ಈ ಪೀಪಿ ಯಾರದು ಎಂದು ಕೇಳಿದರು. ನನಗೆ ಸಿಟ್ಟು ಬರುವ ಮೊದಲೇ ನೀಲಗಂಗವ್ವನಿಗೆ ಬಂತು.

“ಪೀಪಿ ಅನಬ್ಯಾಡ್ರಿ. ಅಂವ ನಮ್ಮ ಉಸ್ತಾದ,” ಎಂದು ಅವರ ತಾಟಿಗೆ ಇನ್ನೊಂದು ಚಮಚ ರಂಜಕ ಬಡಿಸಿದರು.