ಗಂಡುಸಾಲು

“ಯಾವ ರಂಡಿ ಮುಟ್ಟಾಗಿ ನನ್ನ ಹೊಲಾ ಹೊಕ್ಕಿದ್ರಿ? ಈಗ ಬಾಯಿ ಬಿಡ್ರಿ. ಆಮ್ಯಾಲ ನಾ ಬಿಡಸಿದ್ರ ಛಲೋ ಇರಂಗಿಲ್ಲ.”

ಅಂದಪ್ಪಗೌಡ ಬದುವಿನ ಮೇಲೆ ನಿಂತು ಕೇಳುತ್ತಿದ್ದ. ಕೆಳಗೆ ನಿಂತ ಹೆಂಗಸರು ನೆಲ ನೋಡುತ್ತಿದ್ದರು. ಇಬ್ಬನಿಗೆ ಎಲ್ಲರ ಸೀರೆ ಮೊಣಕಾಲಿನ ತನಕ ತೊಯ್ದು ಕಾಲಿಗೆ ಅಂಟಿತ್ತು. ಸೋಮವ್ವ ಎಲ್ಲರಿಗಿಂತ ಮುಂದಿದ್ದಳು. ಗೌಡ ಒಂದು ತೆನೆ ಮುರಿದು ಅವಳ ಮುಖಕ್ಕೆ ಒಗೆದ.

“ನೋಡಲೇ ಮುದೇವಿ. ಒಂದ ಕಾಳ ಐತೇನು ಇದರಾಗ? ಬಂಜಿ ಆಗೇತಿ.”

ತೆನೆ ಅವಳ ಕೆನ್ನೆ ಗೀರಿ ಕಾಲಬುಡಕ್ಕೆ ಬಿತ್ತು. ಖರೆ, ಅದರಲ್ಲಿ ಕಾಳಿರಲಿಲ್ಲ. ಬರೀ ಒಣಹೊಟ್ಟು. ಸೋಮವ್ವನಿಗೆ ಬೈಗುಳ ಹೊಸದಲ್ಲ, ಗೌಡನ ಅಪ್ಪನ ಕಾಲದಿಂದ ಕೇಳಿಕೊಂಡು ಬಂದವಳು. ಆದರೆ ಅವತ್ತು ಅವಳ ಬೆನ್ನಿಗೆ ಆತುಕೊಂಡು ನಿಂತ ದುರಗವ್ವ ನಡುಗುತ್ತಿದ್ದಳು. ಆ ನಡುಕ ಥಂಡಿಯದಲ್ಲ ಎಂದು ಸೋಮವ್ವನಿಗೆ ಗೊತ್ತಿತ್ತು. ಮದುವೆಯಾಗಿ ಕೇರಿಗೆ ಹೊಸದಾಗಿ ಬಂದ ಹುಡುಗಿ, ಹೋದ ತಿಂಗಳು ಮುಟ್ಟಾಗಿದ್ದರೂ ಕೂಲಿ ತಪ್ಪೀತೆಂದು ಹೊಲಕ್ಕೆ ಬಂದಿದ್ದಳು. ಬಟ್ಟೆ ಹರಿದುಕೊಟ್ಟವಳೇ ಸೋಮವ್ವ.

ಎಪ್ಪತ್ತಾರನೆಯ ಇಸವಿಯ ಹಿಂಗಾರು ಅದು. ಕಮತಗಿಯ ಆಚೆ, ಮಲಪ್ರಭೆಯ ನೀರನ್ನು ಪಂಪಿನಿಂದ ಎತ್ತಿ ಹಾಯಿಸುವ ಎರೆಹೊಲದಲ್ಲಿ ಗೌಡ ಸರಕಾರದವರ ಮಾತು ಕೇಳಿ ಹೈಬ್ರಿಡ್ ಬೀಜದ ಜೋಳ ಹಾಕಿದ್ದ. ಕೆಲವು ಸಾಲು ಹೆಣ್ಣು, ಅದರ ಮಗ್ಗುಲಿಗೆ ಗಂಡು. ಹೆಣ್ಣಿನ ಹೂವಿನಲ್ಲಿ ಹಿಟ್ಟಿರುವುದಿಲ್ಲ. ಗಂಡುತೆನೆಯ ಹಳದಿ ಹಿಟ್ಟು ಗಾಳಿಗೆ ಹಾರಿ ಅದರ ಮೇಲೆ ಬಿದ್ದರೆ ಕಾಳು, ಇಲ್ಲದಿದ್ದರೆ ಹೊಟ್ಟು. ಹೆಣ್ಣುಸಾಲಿನಲ್ಲಿ ಬೇರೆ ಜಾತಿಯ ತೆನೆ ಕಂಡರೆ ಕಿತ್ತೊಗೆಯುವುದು, ಗಂಡುತೆನೆ ಅರಳಿದ ಮೇಲೆ ಬೆಳಗಾಮುಂಜಾನೆ ಅದನ್ನು ಅಲುಗಿಸಿ ಹಿಟ್ಟು ಹಾರಿಸುವುದು, ಇದಕ್ಕೆಂದು ಹೊಲೆಗೇರಿಯ ಹೆಂಗಸರನ್ನು ಹಿಡಿದಿದ್ದರು. ಕಾಳು ಮನೆಗೆ ಬಂದ ಮೇಲೆ ಒಟ್ಟಿಗೇ ಕೂಲಿ ಎಂದು ಮಾತಾಗಿತ್ತು.

ಆದರೆ ಹೆಣ್ಣುಸಾಲು ಹೂವಾಗಿ ದಾರಿ ಕಾಯುತ್ತಿದ್ದಾಗ ಗಂಡುಸಾಲು ಇನ್ನೂ ಎಲೆ ಹಾಕುತ್ತಿತ್ತು. ಇವರ ಜೊತೆ ಕೂಲಿಗೆ ಬರುತ್ತಿದ್ದ ಗುಲಾಬಬಿ, “ಹೆಂಡತಿ ಸಿಂಗಾರ ಮಾಡಿಕೊಂಡು ಕುಂತಾಳ, ಗಂಡ ಕಂಬಳಿ ಹೊದ್ದು ಮಲಗ್ಯಾನ” ಎಂದು ನಗಿಸಿದ್ದಳು. ನಕ್ಕವರೆಲ್ಲ ಈಗ ಬದುವಿನ ಕೆಳಗೆ ನಿಂತಿದ್ದರು.

ಅವತ್ತೇ ಮಧ್ಯಾಹ್ನ ಸರಕಾರದ ಬೀಜದ ಸಾಹೇಬ ಜೀಪಿನಲ್ಲಿ ಬಂದ. ಹೊಲ ನೋಡಿಕೊಂಡು ಗೌಡನ ಮನೆಗೆ ಊಟಕ್ಕೆ ಹೋದ. ಸೋಮವ್ವ ಅಲ್ಲೇ ಪಡಸಾಲೆಯ ಮಗ್ಗುಲಿನ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಒಳಗಿನ ಮಾತು ನೆಟ್ಟಗೆ ಕೇಳಿಸುತ್ತಿತ್ತು.

“ಹಿಂಗಾರ್ಯಾಗ ಹೊತ್ತು ಲಗೂನ ಮುಳಗ್ತದ ಗೌಡ್ರ,” ಎಂದ ಸಾಹೇಬ. “ಹಗಲು ಗಿಡ್ಡ ಆದಂಗ ಆ ಹೆಣ್ಣು ಜೋಳ ಅವಸರ ಮಾಡಿ ಹೂ ಬಿಡ್ತದ. ಗಂಡಿಗೆ ಥಂಡಿ ತಡಿಯೂದಿಲ್ಲ, ತೆನಿ ಹೊರಗ ಹಾಕದಂಗ ಕುಂತಬಿಡ್ತದ. ಅದಕ್ಕ ಗಂಡುಸಾಲು ಮೊದಲ ಬಿತ್ರಿ, ಹೆಣ್ಣು ಆಮ್ಯಾಲ ಬಿತ್ರಿ ಅಂತ ಹೇಳಿದ್ದೆ. ನೀವು ಎರಡೂ ಒಮ್ಮೆ ಬಿತ್ತಿಸಿದ್ರಿ, ಅದೂ ತಡಾ ಮಾಡಿ.”

“ಹೇಳಿದ್ದು ಖರೆ ಐತ್ರಿ. ಬಿತ್ತೋ ಕೂರಿಗಿ ಎರಡೆರಡ ಸಲ ಯಾವಾಂವ ಹೂಡಬೇಕು?” ಎಂದು ಗೌಡ ನಕ್ಕ. ಸಾಹೇಬನೂ ನಕ್ಕ.

ಕೈತೊಳೆಯಲು ಹೊರಗೆ ಬಂದ ಗೌಡ ಕೊಟ್ಟಿಗೆಯ ಬಾಗಿಲಲ್ಲಿ ಸೋಮವ್ವನನ್ನು ಕಂಡ. ಅವಳು ಕೇಳಿಸಿಕೊಂಡಿದ್ದಾಳೆಂದು ಅವನಿಗೆ ತಿಳಿಯಿತು. ಎಮ್ಮೆಯ ಮುಂದೆ ಮಾತಾಡಿದವರಂತೆ ಬಾಯಿ ಮುಕ್ಕಳಿಸಿ ಉಗುಳಿ ಒಳಗೆ ಹೋದ.

ಇನ್ನು ಮುಟ್ಟಿನ ಮಾತು ಮುಗಿಯಿತು ಎಂದುಕೊಂಡಳು ಸೋಮವ್ವ. ಹೊತ್ತಿಳಿದಾಗ ಕೇರಿಯವರನ್ನೆಲ್ಲ ಚಾವಡಿಗೆ ಕರೆಸಿದರು. ಕಟ್ಟೆಯ ಮೇಲೆ ಗೌಡನ ಮಗ್ಗುಲಿಗೆ ಮಠದ ಅಯ್ಯ ಕುಳಿತಿದ್ದ. ಶರಣರಿಗೆ ಸೂತಕವಿಲ್ಲ ಎಂದು ಶ್ರಾವಣದ ಪುರಾಣದಲ್ಲಿ ತಿಂಗಳುಗಟ್ಟಲೆ ಹೇಳುವ ಅಯ್ಯ ಅವತ್ತು ಬೇರೆ ಹೇಳಿದ. ಭೂಮಿ ಮೈಲಿಗೆಯಾಗಿದೆ, ಮಾಡಿದವಳು ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲಿ ಬದುವಿನ ಗುಂಟ ಮೊಣಕಾಲೂರಿ ಹೊಲ ಸುತ್ತಬೇಕು. ಹೆಸರು ಹೇಳದಿದ್ದರೆ ಯಾರಿಗೂ ಕೂಲಿಯಿಲ್ಲ ಎಂದು ಗೌಡ ಸೇರಿಸಿದ.

ಒಂದಿಬ್ಬರ ಕಣ್ಣು ದುರಗವ್ವನ ಕಡೆ ಹೊರಳಿತು. ಅವಳ ಅತ್ತೆಯ ಕಣ್ಣೂ ಹೊರಳಿತು. ಹೆಸರು ಹೊರಬಿದ್ದರೆ ಹುಡುಗಿ ರಾತ್ರಿಯೊಳಗೆ ಮನೆಯಿಂದ ಹೊರಬೀಳುತ್ತಾಳೆ, ತವರಿನಲ್ಲಿ ಯಾರೂ ಉಳಿದಿಲ್ಲ.

“ನಾನರೀ,” ಎಂದಳು ಸೋಮವ್ವ.

ಅವಳ ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಕೇರಿಯ ಹೆಂಗಸರಿಗೆಲ್ಲ ಅದು ಗೊತ್ತಿತ್ತು, ಎಲ್ಲರೂ ಸುಮ್ಮನಿದ್ದರು. ಗೌಡ ಅವಳನ್ನು ಮೇಲಿಂದ ಕೆಳಗೆ ನೋಡಿದ. “ನಿನಗ ಇನ್ನಾ ಐತೇನಲೇ ಮುದುಕಿ? ಕೂದಲಾ ಹಣ್ಣಾದ್ರೂ ಕೆಳಗ ಹಣ್ಣಾಗಿಲ್ಲೇನು?” ಎಂದ. ಚಾವಡಿಯ ಗಂಡಸರು ನಕ್ಕರು. ನಕ್ಕವರಲ್ಲಿ ಕೇರಿಯ ಗಂಡಸರೂ ಇದ್ದರು.

ಮರುದಿನ ಬೆಳಿಗ್ಗೆ ಅವಳು ಹೊಳೆಯಲ್ಲಿ ಮುಳುಗೆದ್ದು ಹೊಲ ಸುತ್ತಿದಳು. ಬದುವಿನಲ್ಲಿ ಜಾಲಿಯ ಮುಳ್ಳಿದ್ದವು, ಕಡಿದ ಕಂಟಿಯ ಕೂಳೆಗಳಿದ್ದವು. ನಡುನಡುವೆ ನಿಂತರೆ ಊರ ಚಾಕರಿಯ ಹಳಬ ಹಿಂದಿನಿಂದ ಬಡಿಗೆಯಿಂದ ನೆಲ ಬಡಿಯುತ್ತಿದ್ದ. ಮುಗಿದಾಗ ಮೊಣಕಾಲಿನ ಚರ್ಮ ಸುಲಿದು ಮಣ್ಣು ಮೆತ್ತಿಕೊಂಡಿತ್ತು. ಗುಲಾಬಬಿ ತನ್ನ ಕೌದಿ ಹೊದಿಸಿ ಕೈಹಿಡಿದು ಕರೆದುಕೊಂಡು ಹೋದಳು. ಕೂಲಿ ಕೇಳಲು ಹೋದವರಿಗೆ ಗೌಡ, ಬಂಜೆ ಹೊಲಕ್ಕೆ ಎಲ್ಲಿಯ ಕೂಲಿ ಎಂದು ಹೇಳಿ ಕಳಿಸಿದ. ಸೋಮವ್ವನಿಗೆ ಕೆಮ್ಮು ಹತ್ತಿತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಎದ್ದು ನೀರು ಕುಡಿಯಲೂ ಬೇಸರವಾಗಿ ಬಹಳ ದಿನ ಗೋಡೆಗೆ ಮುಖ ಮಾಡಿ ಮಲಗಿದಳು.

ಸಂಕ್ರಮಣ ದಾಟಿ ಥಂಡಿ ಮುರಿಯಿತು. ಬಿಸಿಲಿಗೆ ಕಸುವು ಬಂತು. ಆಗ ಗಂಡುಸಾಲು ತೆನೆ ಹೊರಗೆ ಹಾಕಿ, ನೋಡನೋಡುತ್ತ ಹೊಲದ ಉದ್ದಕ್ಕೂ ಅರಳಿತು. ಮಗ್ಗುಲಿನ ಹೆಣ್ಣುತೆನೆಗಳು ಕರ್ರಗೆ ಒಣಗಿ ಬಾಗಿದ್ದವು.

ಇದ್ದಷ್ಟಾದರೂ ಮೇವಾಗಲಿ ಎಂದು ಗೌಡ ಹೊಲ ಕೊಯ್ಯಿಸಲು ಹಳಬನನ್ನು ಕೇರಿಗೆ ಕಳಿಸಿದ. ಅಂದಿನದು ಅಂದೇ ಕೊಡುತ್ತಾರಂತೆ ಎಂದ ಹಳಬ. ಹೆಂಗಸರು ಕುಡುಗೋಲು ಹಿಡಿದು ಹೋದರು. ಸೋಮವ್ವನೂ ಹೋದಳು, ಮನೆಯಲ್ಲಿ ಒಲೆ ಹಚ್ಚಲು ಏನೂ ಇರಲಿಲ್ಲ.

ಗಂಡುಸಾಲಿಗೆ ನಿಂತು ಮೊದಲ ದಂಟಿಗೆ ಕೈಹಾಕಿದಳು. ದಂಟು ಅಲುಗಿತು, ಮೇಲಿನಿಂದ ಹಳದಿ ಹಿಟ್ಟು ಅವಳ ತಲೆ, ಕಣ್ಣು, ತುಟಿಯ ಮೇಲೆ ಸುರಿಯಿತು. ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಅವಳು ಕೂತುಬಿಟ್ಟಳು. ಕೆಮ್ಮು ನಿಂತ ಮೇಲೂ ಏಳಲಿಲ್ಲ.

“ಏಳಲೇ,” ಎಂದ ಬದುವಿನ ಮೇಲಿದ್ದ ಗೌಡ.

ಸೋಮವ್ವ ಕುಡುಗೋಲನ್ನು ಮುಂದೆ ನೆಲಕ್ಕಿಟ್ಟಳು. ದನಿ ಏರಿಸಲಿಲ್ಲ. ಏರಿಸುವಷ್ಟು ಉಸಿರೂ ಇರಲಿಲ್ಲ.

“ನಮ್ಮ ಕೈ ಹತ್ತಿದ್ರ ಹೊಲಾ ಕೆಡ್ತೈತಿ ಅಂದ್ರಿ ಗೌಡ್ರ. ಮತ್ಯಾಕ ಕೆಡಸೋದು? ನಿಮ್ಮ ಮನ್ಯಾಗ ಮಡೀಲೆ ಇರೋ ಹೆಣ್ಮಕ್ಕಳದಾರ, ಅವ್ರನ್ನ ಕರಸ್ರಿ. ಅವ್ರು ಕೊಯ್ಲಿ.”

ಗೌಡ ಬಡಿಗೆ ಎತ್ತಿಕೊಂಡು ಎರಡು ಹೆಜ್ಜೆ ಇಳಿದ.

“ಹೊಡೀರಿ,” ಎಂದಳು. “ಸಾಹೇಬಗ ನೀವು ಹೇಳಿದ್ದು ನಾ ಕೇಳೇನಿ. ನಿಮ್ಮ ಕೂರಿಗಿ ತಪ್ಪಿಗೆ ನನ್ನ ಮೊಣಕಾಲ ಸುಲಿಸಿದ್ರಿ. ನಾ ಅವತ್ತ ಮುಟ್ಟಾಗಿದ್ದಿಲ್ಲ. ಸುಳ್ಳ ಹೇಳಿದ್ದೆ.”

ದುರಗವ್ವ ಬಂದು ಅವಳ ಮಗ್ಗುಲಿಗೆ ಕೂತಳು. ಕುಡುಗೋಲು ಕೆಳಗಿಟ್ಟಳು. ಗುಲಾಬಬಿ ಕೂತಳು. ಉಳಿದವರೂ ಕುಡುಗೋಲಿಟ್ಟು ಒಬ್ಬೊಬ್ಬರಾಗಿ ಕೂತರು.

ನಾಳೆಯಿಂದ ನಿಮ್ಮ ಕೇರಿಗೆ ಬಾವಿಯ ನೀರು ಹೇಗೆ ಸಿಗುತ್ತದೋ ನೋಡುತ್ತೇನೆ ಎಂದು ಗೌಡ ಕೂಗಿದ. ಅದು ಆಗುವ ಮಾತೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಏಳಲಿಲ್ಲ.

ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಗಂಡುಸಾಲು ಒಂದು ತುದಿಯಿಂದ ಇನ್ನೊಂದು ತುದಿಗೆ ತೂಗಿ, ಹಿಟ್ಟು ಮೋಡದಂತೆ ಹಾರಿ ಬಂತು. ಒಣಗಿದ ತೆನೆಗಳ ಮೇಲೆ ಬಿತ್ತು, ಕೂತ ಹೆಂಗಸರ ಮೇಲೆ ಬಿತ್ತು, ಎತ್ತಿದ ಬಡಿಗೆಯನ್ನು ಇಳಿಸದೆ ನಿಂತ ಗೌಡನ ಬಿಳೀ ಟೊಪ್ಪಿಗೆಯ ಮೇಲೂ ಬಿತ್ತು.